ಇಪ್ಪತ್ತೊಂಬತ್ತು ಸ್ಥಾನಗಳ ಮನುಷ್ಯರಾಶಿ

79228162514264337593543950336.

ಜೈನ ಪರಂಪರೆಯಲ್ಲಿ ಇದು ಮನುಷ್ಯರ ಲೆಕ್ಕ. ಆಹಾರ, ದೇಹ, ಇಂದ್ರಿಯ, ಉಸಿರು, ಮಾತು, ಮನಸ್ಸು ಎಂಬ ಆರು ಶಕ್ತಿಗಳು ತುಂಬಿ ಬಂದ ಮನುಷ್ಯರನ್ನು ಶಾಸ್ತ್ರ ಪರ್ಯಾಪ್ತರು ಎಂದು ಕರೆಯುತ್ತದೆ. ಇಡೀ ಮನುಷ್ಯಲೋಕದಲ್ಲಿ ಅಂಥವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಕೊಟ್ಟ ಉತ್ತರ ಈ ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆ. ಅವರು ಚಾವುಂಡರಾಯನ ಗುರುಗಳು. ವಿಂಧ್ಯಗಿರಿಯ ಮೇಲೆ ಬಾಹುಬಲಿ ಎದ್ದು ನಿಂತ ಕಾಲದವರು, ಅಂದರೆ 10ನೆಯ ಶತಮಾನದ ಕೊನೆಯವರು.

‘ಸುಮಾರು’ ಎಂಬ ಮಾತು ಅಲ್ಲಿಲ್ಲ. ‘ಕೋಟ್ಯನುಕೋಟಿ’ ಎಂದು ಕೈಬೀಸಿದ್ದೂ ಇಲ್ಲ. ಬಿಡಿಸ್ಥಾನದಲ್ಲಿ ಆರು, ಹತ್ತರ ಸ್ಥಾನದಲ್ಲಿ ಮೂರು, ನೂರರ ಸ್ಥಾನದಲ್ಲಿ ಮೂರು ಎಂದು ಕೊನೆಯ ಒಬ್ಬನವರೆಗೂ ಖಚಿತವಾಗಿ ಹೇಳಿದ್ದಾರೆ. ಧರ್ಮಗ್ರಂಥವೊಂದು ಇಷ್ಟು ಖಚಿತವಾಗಿ ಯಾಕೆ ಮಾತಾಡಬೇಕು? ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ನನ್ನನ್ನು ಈ ಪ್ರಶ್ನೆ ಬಹಳ ಕಾಲದಿಂದ ಹಿಡಿದುಕೊಂಡಿದೆ. ನಾನು ಇದನ್ನು ಗಣಿತದ ಕುತೂಹಲ ಎಂದು ಮಾತ್ರ ನೋಡುತ್ತಿಲ್ಲ. ಶ್ರದ್ಧೆ ಹೇಗೆ ಮಾತಾಡಬೇಕು ಎನ್ನುವ ವಿಚಾರವೇ ಇದರೊಳಗಿದೆ ಎಂದು ನಂಬಿದ್ದೇನೆ.

ಮೊದಲು ಸಂಖ್ಯೆ ಹುಟ್ಟುವ ಬಗೆ ನೋಡೋಣ. ಎರಡರಿಂದ ಹೊರಡಿ. ಎರಡರ ವರ್ಗ 4. ನಾಲ್ಕರ ವರ್ಗ 16. ಅದರ ವರ್ಗ 256. ಅದರ ವರ್ಗ 65,536. ಹೀಗೆ ಹರಿಯುವ ಸಾಲಿಗೆ ದ್ವಿರೂಪವರ್ಗಧಾರೆ ಎಂದು ಹೆಸರು. ಐದನೆಯ ವರ್ಗ 4294967296, ಆರನೆಯದು 18446744073709551616. ನಾಲ್ಕನೆಯದಕ್ಕೆ ಪಣ್ಣಟ್ಠಿ, ಐದನೆಯದಕ್ಕೆ ಬಾದಾಲ, ಆರನೆಯದಕ್ಕೆ ಏಕಟ್ಠಿ ಎಂದು ಪ್ರಾಕೃತದ ಹೆಸರುಗಳಿವೆ. ಸಂಖ್ಯೆಯ ಆರಂಭದ ಅಂಕಗಳನ್ನೇ ಹಿಡಿದು ಇಟ್ಟ ಹೆಸರುಗಳಿವು: ಅರವತ್ತೈದು, ನಲವತ್ತೆರಡು, ಒಂದು-ಎಂಟು. ಬಾದಾಲವನ್ನು ಏಕಟ್ಠಿಯಿಂದ ಗುಣಿಸಿದರೆ ಮನುಷ್ಯರಾಶಿ ಸಿಗುತ್ತದೆ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಎರಡರ 32ನೆಯ ಘಾತ ಮತ್ತು 64ನೆಯ ಘಾತ ಸೇರಿ 96ನೆಯ ಘಾತ.

ಶ್ವೇತಾಂಬರರ ಅನುಯೋಗದ್ವಾರ ಸೂತ್ರ ಇದೇ ರಾಶಿಯನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತದೆ. ಅದು ಇಪ್ಪತ್ತೊಂಬತ್ತು ಸ್ಥಾನಗಳ ರಾಶಿ. ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದರೆ ಬರುವ ರಾಶಿ. ತೊಂಬತ್ತಾರು ಸಲ ಅರ್ಧ ಮಾಡಬಹುದಾದ ರಾಶಿ. ಮೊದಲನೆಯದರಿಂದ ಗಾತ್ರ ತಿಳಿಯುತ್ತದೆ, ಎರಡನೆಯದರಿಂದ ಕಟ್ಟುವ ವಿಧಾನ, ಮೂರನೆಯದರಿಂದ ಒಳಗಿನ ಸ್ವಭಾವ. ದಿಗಂಬರ, ಶ್ವೇತಾಂಬರ ಎಂಬ ಎರಡೂ ಕವಲುಗಳಲ್ಲಿ ಈ ಲೆಕ್ಕ ಇರುವುದರಿಂದ ಇದು ಒಬ್ಬ ಆಚಾರ್ಯರ ಹವ್ಯಾಸದಿಂದ ಬಂದದ್ದಲ್ಲ ಎಂಬುದು ಸ್ಪಷ್ಟ.

ಒಂದು ರಾಶಿಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ. 9ನೆಯ ಶತಮಾನದ ಆರಂಭದಲ್ಲಿ ಷಟ್ಖಂಡಾಗಮಕ್ಕೆ ಧವಲಾ ಟೀಕೆ ಬರೆದ ವೀರಸೇನಾಚಾರ್ಯರು ಇದನ್ನು ಸಲೀಸಾಗಿ ಬಳಸುತ್ತಾರೆ. ಎರಡು ರಾಶಿಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ ಎಂಬ ನಿಯಮ ಅವರಿಗೆ ಗೊತ್ತು. ಅರ್ಧದ ಬದಲು ಮೂರರಿಂದ, ನಾಲ್ಕರಿಂದ ಭಾಗಿಸುವ ಲೆಕ್ಕಕ್ಕೂ ಅಲ್ಲಿ ಹೆಸರುಗಳಿವೆ. ಇಂದಿನ ವಿದ್ಯಾರ್ಥಿ ಲಾಗರಿದಮ್ ಎಂದು ಕಲಿಯುವುದರ ತಿರುಳು ಇದೇ. ನೇಪಿಯರ್ ತನ್ನ ಪುಸ್ತಕ ಪ್ರಕಟಿಸಿದ್ದು 1614ರಲ್ಲಿ. ಅವನದು ಕೋಷ್ಟಕಗಳ ಸಾಧನೆ, ಅದರ ಹಿರಿಮೆ ಬೇರೆ. ಇವರದು ದೊಡ್ಡ ರಾಶಿಗಳ ನಡುವೆ ದಾರಿ ತಪ್ಪದೆ ನಡೆಯುವ ಉಪಾಯ.

ಬಾದಾಲ, ಏಕಟ್ಠಿಗಳ ಗುಣಾಕಾರವನ್ನು ಕೈಯಲ್ಲೇ ಮಾಡಿ ನೋಡಬೇಕು. ನಾನು ಅದನ್ನು ಚೌಕಳಿ ಹಾಳೆಯ ಮೇಲೆ, ಒಂದು ಮನೆಗೆ ಒಂದು ಅಂಕದಂತೆ ಬರೆಯುತ್ತೇನೆ. ಇಪ್ಪತ್ತು ಅಂಕಗಳ ಏಕಟ್ಠಿ ಮೇಲೆ, ಹತ್ತು ಅಂಕಗಳ ಬಾದಾಲ ಕೆಳಗೆ. ಹತ್ತು ಸಾಲು ಬರೆಯಬೇಕು ಎಂದು ಹೆದರುವುದು ಬೇಡ. ಬಾದಾಲದಲ್ಲಿ ಒಂಬತ್ತು ಮೂರು ಸಲ ಬರುತ್ತದೆ. ನಾಲ್ಕು, ಎರಡು, ಆರು ಎರಡೆರಡು ಸಲ. ಏಳು ಒಂದೇ ಸಲ. ಆದ್ದರಿಂದ ಐದು ಸಾಲುಗಳನ್ನು ಲೆಕ್ಕ ಹಾಕಿದರೆ ಸಾಕು, ಉಳಿದವನ್ನು ಸ್ಥಾನ ಸರಿಸಿ ನಕಲು ಮಾಡಬಹುದು. ಕೂಡುವಾಗ ದಶಕ ಏರಿಸುವುದರಲ್ಲಿ ಮಾತ್ರ ಎಚ್ಚರ ಬೇಕು. ಕೊನೆಗೆ ಒಂಬತ್ತರ ತಾಳೆ ನೋಡಬೇಕು. ಬಾದಾಲದ ಅಂಕಗಳನ್ನು ಕೂಡಿದರೆ 58, ಮತ್ತೆ ಕೂಡಿದರೆ 13, ಮತ್ತೆ ಕೂಡಿದರೆ 4. ಏಕಟ್ಠಿಯ ಅಂಕಗಳ ಮೊತ್ತ 88, ಅದು 16, ಅದು 7. ನಾಲ್ಕು ಏಳಲಿ ಇಪ್ಪತ್ತೆಂಟು, ಅದು 10, ಅದು 1. ಉತ್ತರದ ಇಪ್ಪತ್ತೊಂಬತ್ತು ಅಂಕಗಳನ್ನು ಕೂಡಿದರೆ 127, ಅದು 10, ಅದೂ 1. ತಾಳೆಯಾಯಿತು.

ನೇಮಿಚಂದ್ರರು ಈ ಸಂಖ್ಯೆಯನ್ನು ಅಂಕಗಳಲ್ಲಿ ಬರೆಯಲಿಲ್ಲ, ಗಾಥೆಯ ಅಕ್ಷರಗಳಲ್ಲಿ ಅಡಗಿಸಿಟ್ಟರು. ಕಟಪಯಾದಿ ಕ್ರಮ ಗೊತ್ತಿದ್ದವರಿಗೆ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಕಕಾರದಿಂದ ಒಂಬತ್ತು ಅಕ್ಷರ, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು, ನಕಾರ ಸೊನ್ನೆ. ಸ್ವರ ಯಾವುದಿದ್ದರೂ ಲೆಕ್ಕಕ್ಕಿಲ್ಲ. ಗಾಥೆಯ ಮೊದಲ ಅಕ್ಷರ ತ, ಟಕಾರದಿಂದ ಎಣಿಸಿದರೆ ಆರನೆಯದು. ಅದು ಬಿಡಿಸ್ಥಾನದ ಆರು. ಆಮೇಲೆ ಲ, ಮತ್ತೆ ಲ: ಮೂರು, ಮೂರು. ಆಮೇಲೆ ನ: ಸೊನ್ನೆ. ಹೀಗೆ ಎಡಕ್ಕೆ ಎಡಕ್ಕೆ ಸರಿಯುತ್ತ ಹೋದರೆ ಇಪ್ಪತ್ತೊಂಬತ್ತನೆಯ ಅಕ್ಷರ ಸ, ಅಂದರೆ ಏಳು. ಸಂಖ್ಯೆಯ ಎಡತುದಿಯಲ್ಲಿರುವುದೂ ಏಳೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ನಮ್ಮ ಮಾವನವರು ಸ್ವಾಧ್ಯಾಯಕ್ಕೆ ಕೂತಾಗ ಈ ಗಾಥೆಯನ್ನು ಬೆರಳು ಮಡಿಸುತ್ತ ಓದುತ್ತಿದ್ದರು. ಅದರಲ್ಲಿ ಎರಡು ಕಡೆ ಧಕಾರ ಬರುತ್ತದೆ, ಎರಡೂ ಒಂಬತ್ತು. ‘ಇಲ್ಲಿ ಕಣ್ಣಿಡಬೇಕಮ್ಮ’ ಎಂದು ಅವರು ತೋರಿಸಿದ್ದು ಆ ಅಕ್ಷರವನ್ನೇ. ಕನ್ನಡ ಲಿಪಿಯಲ್ಲಿ ಧಕಾರದ ಕೆಳಗಿನ ಸಣ್ಣ ಗೆರೆ ಬಿಟ್ಟುಹೋದರೆ ಅದು ದಕಾರ. ದಕಾರವೆಂದರೆ ಎಂಟು. ಓಲೆ ಕೊರೆಯುವವನ ಕಂಟ ಒಂದು ಕ್ಷಣ ಜಾರಿದರೆ ಮನುಷ್ಯಲೋಕದ ಲೆಕ್ಕದಲ್ಲಿ ಒಂದು ಕಡೆ ಲಕ್ಷ, ಇನ್ನೊಂದು ಕಡೆ ಸಾವಿರ ಕೋಟಿ ಜೀವಗಳು ಕಾಣೆಯಾಗುತ್ತವೆ. ಆದರೆ ಆ ತಪ್ಪು ಉಳಿಯುವಂತಿಲ್ಲ. ಅಂಕಗಳನ್ನು ಕೂಡಿದ ಕೂಡಲೇ ಒಂಬತ್ತರ ತಾಳೆ ಕೆಡುತ್ತದೆ. ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಅರ್ಧಚ್ಛೇದದ್ದು. ತೊಂಬತ್ತಾರು ಸಲ ಅರ್ಧ ಮಾಡುವಾಗ ಎಲ್ಲಿಯೂ ಬೆಸ ಸಂಖ್ಯೆ ಎದುರಾಗದೆ ಕೊನೆಗೆ ಒಂದು ಉಳಿಯಬೇಕು. ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಗಳಲ್ಲಿ ಈ ಪರೀಕ್ಷೆ ದಾಟುವುದು ಇದೊಂದೇ. ಓಲೆ ಗೆದ್ದಲು ಹಿಡಿದರೂ, ಬರೆದವನು ತಪ್ಪಿದರೂ, ವಿಧಾನ ಬಲ್ಲ ಒಬ್ಬನಿದ್ದರೆ ಸಂಖ್ಯೆಯನ್ನು ಮತ್ತೆ ಕಟ್ಟಬಹುದು. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ವೃತ್ತಿ ಬರೆದರು. ಮುಂದೆ ಅದನ್ನು ಆಧರಿಸಿ ಸಂಸ್ಕೃತ ಟೀಕೆ ಬಂತು, 18ನೆಯ ಶತಮಾನದಲ್ಲಿ ಜಯಪುರದ ಟೋಡರಮಲ್ಲರ ಹಿಂದಿ ವ್ಯಾಖ್ಯಾನ ಬಂತು. ಭಾಷೆ ಬದಲಾಯಿತು, ಲಿಪಿ ಬದಲಾಯಿತು, ಸಂಖ್ಯೆ ಮಾತ್ರ ಹಾಗೇ ಉಳಿಯಿತು.

ಇನ್ನು ಈ ಸಂಖ್ಯೆಯ ಗುಣಗಳು. ಇದಕ್ಕೆ ಇರುವ ಅವಿಭಾಜ್ಯ ಅಪವರ್ತನ ಎರಡು ಒಂದೇ. ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 97: ಒಂದು, ಎರಡು, ನಾಲ್ಕು, ಎಂಟು ಎಂದು ಇದರವರೆಗೆ. ಇದು ಪೂರ್ಣ ವರ್ಗವೂ ಹೌದು, ಪೂರ್ಣ ಘನವೂ ಹೌದು. 281474976710656ರ ವರ್ಗ ಮಾಡಿದರೂ ಇದೇ, ಬಾದಾಲದ ಘನ ಮಾಡಿದರೂ ಇದೇ. ಆದರೆ ದ್ವಿರೂಪವರ್ಗಧಾರೆಯಲ್ಲಿ ಇದಕ್ಕೆ ಜಾಗವಿಲ್ಲ. ಆರನೆಯ ವರ್ಗವನ್ನು ದಾಟಿದೆ, ಏಳನೆಯದನ್ನು ಮುಟ್ಟಿಲ್ಲ. ಇದನ್ನು ಮೂರರಿಂದ ಭಾಗಿಸಿ, ಒಂದು ಉಳಿಯುತ್ತದೆ. ಐದರಿಂದ, ಏಳರಿಂದ, ಹದಿಮೂರರಿಂದ, ಹದಿನೇಳರಿಂದ ಭಾಗಿಸಿದರೂ ಒಂದೇ ಉಳಿಯುತ್ತದೆ. 97 ಅವಿಭಾಜ್ಯ ಸಂಖ್ಯೆ. ಫರ್ಮಾನ ಪ್ರಮೇಯದಂತೆ ಎರಡರ 96ನೆಯ ಘಾತವನ್ನು ಅದರಿಂದ ಭಾಗಿಸಿದಾಗಲೂ ಒಂದು ಉಳಿಯಲೇಬೇಕು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತ ಇದಕ್ಕಿಂತ ಸರಿಯಾಗಿ ಒಂದು ಕಡಿಮೆ.

ಆ ಒಂದು ಕಡಿಮೆಯ ಸಂಖ್ಯೆಯನ್ನು ನಮ್ಮ ಕಾಲ ಬೇರೊಂದು ಕಡೆ ಸಂಧಿಸಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಮಗ ನನ್ನ ಚೌಕಳಿ ಹಾಳೆ ನೋಡಿ, ‘ಅಮ್ಮ, ಇದು ಡೆಸಿಮಲ್‌ನ ಮಿತಿ ಅಲ್ವಾ?’ ಎಂದ. ಸಿ ಶಾರ್ಪ್ ಭಾಷೆಯಲ್ಲಿ ಹಣಕಾಸಿನ ಲೆಕ್ಕಕ್ಕೆ ಬಳಸುವ ಡೆಸಿಮಲ್ ಎಂಬ ಬಗೆಯಲ್ಲಿ ಇಡಬಹುದಾದ ಅತಿ ದೊಡ್ಡ ಸಂಖ್ಯೆ 79228162514264337593543950335. ಅಲ್ಲಿ ಅಂಕಗಳಿಗೆ 96 ಬಿಟ್‌ಗಳ ಜಾಗವಿದೆ, ಆದ್ದರಿಂದ ಎರಡರ 96ನೆಯ ಘಾತಕ್ಕಿಂತ ಒಂದು ಕಡಿಮೆಯವರೆಗೆ ಹೋಗಬಹುದು. ಇದನ್ನು ಕೇಳಿದವರು ಕೆಲವರು ನಮ್ಮ ಆಚಾರ್ಯರಿಗೆ ಕಂಪ್ಯೂಟರ್ ಮೊದಲೇ ಗೊತ್ತಿತ್ತು ಎಂದು ಹೇಳಿಕೊಳ್ಳಲು ಮುಂದಾಗುತ್ತಾರೆ. ದಯವಿಟ್ಟು ಬೇಡ. ಆ ಮಾತಿನಿಂದ ಆಚಾರ್ಯರಿಗೂ ಗೌರವವಿಲ್ಲ, ಗಣಿತಕ್ಕೂ ಗೌರವವಿಲ್ಲ. ಎರಡನ್ನು ಆಧಾರವಾಗಿ ಹಿಡಿದು ಯಾರು ಎಣಿಸಿದರೂ, ಎಲ್ಲಿ ಎಣಿಸಿದರೂ, ತೊಂಬತ್ತಾರನೆಯ ಹೆಜ್ಜೆಯಲ್ಲಿ ಸಿಗುವುದು ಇದೇ. ಓಲೆಯ ಮುಂದೆ ಕೂತ ಮುನಿಗೂ ತೆರೆಯ ಮುಂದೆ ಕೂತ ಹುಡುಗನಿಗೂ ಸತ್ಯ ಒಂದೇ ಆಗಿರುವುದು ನನಗೆ ದೊಡ್ಡ ಸಂಗತಿ. ಯಾರು ಮೊದಲು ಎಂಬುದು ಸಣ್ಣದು.

ಹಾಗಾದರೆ ಧರ್ಮಕ್ಕೆ ಈ ಲೆಕ್ಕ ಏತಕ್ಕೆ? ಬಸದಿಯಲ್ಲಿ ಸಂಜೆ ಸ್ವಾಧ್ಯಾಯ ನಡೆಯುವಾಗ ಹಿರಿಯಾಕೆಯೊಬ್ಬರು ನನ್ನನ್ನು ನೇರವಾಗಿ ಕೇಳಿದರು. ‘ಟೀಚರಮ್ಮ, ನೀವು ಇಷ್ಟುದ್ದ ಲೆಕ್ಕ ಬರೀತೀರಿ. ಇದರಿಂದ ಕರ್ಮ ಕಳೆಯುತ್ತಾ?’ ಅವರು ಕುಹಕಕ್ಕೆ ಕೇಳಿದ್ದಲ್ಲ. ಉಪವಾಸ, ವ್ರತ, ಅಭಿಷೇಕ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದವರು. ಅವರ ಪ್ರಶ್ನೆಗೆ ತಕ್ಕ ಉತ್ತರ ಕೊಡಬೇಕಾದದ್ದು ನನ್ನ ಹೊಣೆ.

ಉತ್ತರದ ಮೊದಲ ಭಾಗ ಹೀಗೆ. ನಮ್ಮ ಶಾಸ್ತ್ರ ರಾಶಿಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರಾಗಿ ವಿಂಗಡಿಸುತ್ತದೆ. ಅಸಂಖ್ಯಾತ ಎಂದರೆ ಬಾಯಿಮಾತಿನ ‘ಲೆಕ್ಕವಿಲ್ಲದಷ್ಟು’ ಅಲ್ಲ. ಜಂಬೂದ್ವೀಪದಷ್ಟು ಅಗಲದ ಕುಂಡಗಳನ್ನು ಸಾಸಿವೆಯಿಂದ ತುಂಬಿ, ದ್ವೀಪಕ್ಕೊಂದು ಸಮುದ್ರಕ್ಕೊಂದು ಕಾಳು ಹಾಕುತ್ತ ಹೋಗುವ ದೀರ್ಘವಾದ ವಿಧಾನದಿಂದ ಅದರ ಆರಂಭದ ಗಡಿಯನ್ನು ಗುರುತಿಸಿದ್ದಾರೆ. ಅಂದರೆ ಎಣಿಕೆ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೂ ಎಣಿಕೆಯೇ ಸಾಕ್ಷಿ. ಈ ವಿಂಗಡಣೆಯಲ್ಲಿ ದೇವಗತಿಯ ಜೀವಗಳು ಅಸಂಖ್ಯಾತ, ನಾರಕಿಗಳು ಅಸಂಖ್ಯಾತ, ಪ್ರಾಣಿ-ಸಸ್ಯಗಳ ತಿರ್ಯಂಚಗತಿಯಲ್ಲಿ ನಿಗೋದ ಎಂಬ ಅತಿಸಣ್ಣ ಜೀವಗಳು ಸೇರಿ ಅನಂತ. ಪರ್ಯಾಪ್ತ ಮನುಷ್ಯರು ಮಾತ್ರ ಸಂಖ್ಯಾತ. ಇಪ್ಪತ್ತೊಂಬತ್ತು ಸ್ಥಾನಗಳು ನಮಗೆ ಬೆರಗು ಹುಟ್ಟಿಸುತ್ತವೆ, ಆದರೆ ಶಾಸ್ತ್ರದ ದೃಷ್ಟಿಯಲ್ಲಿ ಇದು ತೀರ ಸಣ್ಣ ರಾಶಿ. ಅನಂತದ ಎದುರು ಎಷ್ಟು ದೊಡ್ಡ ಸಂಖ್ಯಾತ ನಿಂತರೂ ಅದರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ‘ಮನುಷ್ಯಜನ್ಮ ದುರ್ಲಭ’ ಎಂದು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಕೇಳಿ ಕೇಳಿ ಆ ಮಾತು ಸವೆದಿದೆ. ಅದರ ಹಿಂದೆ ಒಂದು ಅನುಪಾತ ನಿಂತಿದೆ ಎಂದು ತಿಳಿದ ದಿನ ಅದು ಮತ್ತೆ ಹರಿತವಾಗುತ್ತದೆ. ನನಗೆ ಹಾಗಾಗಿದೆ.

ಇನ್ನೊಂದು ಸಂಗತಿ. ಆಗಮದ ಗಣಿತದಲ್ಲಿ ಎಣಿಕೆ ಆರಂಭವಾಗುವುದು ಎರಡರಿಂದ. ಒಂದು ಸಂಖ್ಯೆಯಲ್ಲ. ಮನುಷ್ಯರಾಶಿಯನ್ನು ಅರ್ಧ ಮಾಡುತ್ತ ಹೋದರೆ ತೊಂಬತ್ತೈದನೆಯ ಸಲ ಎರಡು ಸಿಗುತ್ತದೆ, ಅದು ಎಣಿಕೆಯ ಕೊನೆಯ ಮೆಟ್ಟಿಲು. ಇನ್ನೊಂದು ಸಲ ಅರ್ಧ ಮಾಡಿದರೆ ಎಣಿಕೆಯಿಂದಲೇ ಹೊರಗೆ ಬಂದು ನಿಲ್ಲುತ್ತೀರಿ. ಅಲ್ಲಿರುವುದು ಒಬ್ಬ ಜೀವ. ಜೈನ ದರ್ಶನದಲ್ಲಿ ಜೀವ ಇನ್ನೊಂದರಲ್ಲಿ ಕರಗುವುದಿಲ್ಲ, ಮೋಕ್ಷದಲ್ಲೂ ಕರಗುವುದಿಲ್ಲ. ತನ್ನ ಕರ್ಮವನ್ನು ತಾನೇ ಕಟ್ಟಿಕೊಂಡು ತಾನೇ ಕಳೆದುಕೊಳ್ಳಬೇಕು. ರಾಶಿ ಎಷ್ಟೇ ದೊಡ್ಡದಾಗಿರಲಿ, ಅದನ್ನು ಒಡೆಯುತ್ತ ಹೋದರೆ ಕೊನೆಗೆ ಉಳಿಯುವ ಒಬ್ಬನಿಗೆ ಭಾಗವಿಲ್ಲ. ಎರಡರ ಘಾತಕ್ಕೆ ಈ ಗುಣವಿದೆ, ಹತ್ತರ ಘಾತಕ್ಕೆ ಇಲ್ಲ. ಹತ್ತನ್ನು ಅರ್ಧ ಮಾಡಿದರೆ ಐದು, ಅಲ್ಲಿಗೆ ದಾರಿ ಮುಗಿಯಿತು.

ಹೆಣ್ಣಾಗಿ ನಾನು ನಿಂತು ನೋಡಿದ ಒಂದು ಸ್ಥಳವಿದೆ. ಗೊಮ್ಮಟಸಾರದಲ್ಲಿ ಈ ಸಂಖ್ಯೆಯ ಮರುಗಾಥೆಯಲ್ಲೇ ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಾನುಷಿಯರು ಎಂದಿದೆ. ನಾಲ್ಕರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 59421121885698253195157962752. ನಮ್ಮ ದಿಗಂಬರ ಪರಂಪರೆ ಹೆಣ್ಣು ದೇಹದಿಂದ ನೇರವಾಗಿ ಮೋಕ್ಷವಿಲ್ಲ ಎನ್ನುತ್ತದೆ, ಶ್ವೇತಾಂಬರರು ಉಂಟು ಎನ್ನುತ್ತಾರೆ. ಶತಮಾನಗಳ ಈ ವಾದವನ್ನು ನಾನೊಬ್ಬಳು ತೀರ್ಮಾನಿಸಲಾರೆ. ಆದರೆ ನಾನು ಹುಟ್ಟಿ ಬೆಳೆದ ಪರಂಪರೆಯ ಆ ಮಾತು ನನ್ನನ್ನು ನೋಯಿಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ಅದೇ ಪರಂಪರೆಯ ಲೆಕ್ಕ ಹೆಣ್ಣನ್ನು ಹೇಗೆ ಎಣಿಸಿತು ಎಂಬುದನ್ನೂ ನಾನು ನೋಡಬೇಕು. ಪೂರ್ಣ ಪರ್ಯಾಪ್ತಿಗಳಿರುವ ಜೀವ ಎಂದು, ಒಬ್ಬಳಿಗೆ ಒಂದರಂತೆ ಎಣಿಸಿತು. ಗಂಡಿಗೆ ಒಂದು, ಹೆಣ್ಣಿಗೆ ಅರ್ಧ ಎಂಬ ಕ್ರಮ ಆ ರಾಶಿಯಲ್ಲಿಲ್ಲ. ಮೋಕ್ಷದ ವಿಚಾರ ಮಾತಾಡುವವರು ಈ ಎಣಿಕೆಗೂ ಉತ್ತರ ಹೇಳಬೇಕು ಎಂಬುದು ನನ್ನ ಪಟ್ಟು.

ಉತ್ತರದ ಎರಡನೆಯ ಭಾಗವೇ ನನಗೆ ಮುಖ್ಯ. ಈ ಸಂಖ್ಯೆಯನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದವರು ಹೊರಗಿನವರಲ್ಲ, ವೀರಸೇನಾಚಾರ್ಯರೇ.

ಷಟ್ಖಂಡಾಗಮದ ಮೂಲಸೂತ್ರ ಪರ್ಯಾಪ್ತ ಮನುಷ್ಯರಿಗೆ ಒಂದು ವ್ಯಾಪ್ತಿ ಹೇಳುತ್ತದೆ: ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ, ಕೋಟಿಯನ್ನು ಮೂರು ಸಲ ಗುಣಿಸಿದ್ದಕ್ಕಿಂತ ಮೇಲೆ, ನಾಲ್ಕು ಸಲ ಗುಣಿಸಿದ್ದಕ್ಕಿಂತ ಕೆಳಗೆ. ಕೋಟಿಯನ್ನು ನಾಲ್ಕು ಸಲ ಗುಣಿಸಿದರೆ ಒಂದರ ಮುಂದೆ ಇಪ್ಪತ್ತೆಂಟು ಸೊನ್ನೆ, ಒಟ್ಟು ಇಪ್ಪತ್ತೊಂಬತ್ತು ಸ್ಥಾನ. ನಮ್ಮ ಸಂಖ್ಯೆಗೂ ಇಪ್ಪತ್ತೊಂಬತ್ತು ಸ್ಥಾನವೇ. ಆದರೆ ಅದು ಆರಂಭವಾಗುವುದು ಏಳರಿಂದ. ಅಂದರೆ ಸ್ಥಾನ ಸಮನಾಗಿದ್ದರೂ ಸೂತ್ರ ಹಾಕಿದ ಗೆರೆಯನ್ನು ಸುಮಾರು ಎಂಟು ಪಟ್ಟು ಮೀರಿದೆ. ವೀರಸೇನರು ಇದನ್ನು ಗಮನಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕ ಹಾಕಿ, ಇಷ್ಟು ಮಂದಿ ಅಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಈ ಅಭಿಪ್ರಾಯ ಸರಿಯಲ್ಲ ಎಂದರು.

ನಾನೂ ಕೂತು ಲೆಕ್ಕ ಹಾಕಿದೆ. ಮನುಷ್ಯಕ್ಷೇತ್ರ ಎರಡೂವರೆ ದ್ವೀಪಗಳದ್ದು. ನಡುವೆ ಒಂದು ಲಕ್ಷ ಯೋಜನದ ಜಂಬೂದ್ವೀಪ, ಸುತ್ತ ಎರಡು ಲಕ್ಷ ಅಗಲದ ಲವಣಸಮುದ್ರ, ಅದರಾಚೆ ನಾಲ್ಕು ಲಕ್ಷದ ಧಾತಕೀಖಂಡ, ಎಂಟು ಲಕ್ಷದ ಕಾಲೋದ, ಪುಷ್ಕರದ್ವೀಪದ ಒಳಗಿನ ಅರ್ಧ ಎಂಟು ಲಕ್ಷ. ಎರಡೂ ಬದಿ ಸೇರಿಸಿದರೆ ವ್ಯಾಸ 45 ಲಕ್ಷ ಯೋಜನ. ಪರಿಧಿಗೆ ಹತ್ತರ ವರ್ಗಮೂಲ ಹಿಡಿದರೆ ವಿಸ್ತೀರ್ಣ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ನಾಲ್ಕು ಮೊಳ ಒಂದು ದಂಡ, ಎರಡು ಸಾವಿರ ದಂಡ ಒಂದು ಕ್ರೋಶ, ನಾಲ್ಕು ಕ್ರೋಶ ಒಂದು ಯೋಜನ. ದ್ವೀಪ ಅಳೆಯುವ ಪ್ರಮಾಣಯೋಜನ ಅದರ ಐನೂರು ಪಟ್ಟು, ಅಂದರೆ 1,60,00,000 ಮೊಳ. ಎಲ್ಲವನ್ನೂ ಧಾರಾಳವಾಗಿ ಹಿಡಿದು, ಸಮುದ್ರ ಬೆಟ್ಟಗಳನ್ನೂ ವಾಸದ ನೆಲವೆಂದೇ ಎಣಿಸಿ, ಮನುಷ್ಯರಾಶಿಯನ್ನು ಅದಕ್ಕೆ ಹಂಚಿದೆ. ಒಂದು ಚದರ ಮೊಳಕ್ಕೆ ಹತ್ತೊಂಬತ್ತು ಮಂದಿ ಬಂದರು. ಸೂತ್ರದ ಮೇಲ್ಮಿತಿಯನ್ನೇ ಹಿಡಿದರೂ ಎರಡೂವರೆ ಮಂದಿಯ ಹತ್ತಿರ ಬರುತ್ತದೆ, ಆದರೆ ಸೂತ್ರ ಹೇಳುವುದು ಅದಕ್ಕಿಂತ ಕಡಿಮೆ ಎಂದು ಮಾತ್ರ. ಒಂದು ಮೊಳ ಉದ್ದ, ಒಂದು ಮೊಳ ಅಗಲದ ಜಾಗದಲ್ಲಿ ಹತ್ತೊಂಬತ್ತು ಮನುಷ್ಯರು ನಿಲ್ಲಲಾರರು. ಆಚಾರ್ಯರ ಆಕ್ಷೇಪ ಗಟ್ಟಿಯಾದದ್ದು.

ಸ್ವಾಧ್ಯಾಯದಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಸಮಾಧಾನ ಹೇಳಿದರು. ಆಕಾಶಕ್ಕೆ ಅವಗಾಹನ ಗುಣವಿದೆ, ಎಷ್ಟು ಬೇಕಾದರೂ ಇಂಬು ಕೊಡುತ್ತದೆ ಎಂದರು. ತತ್ತ್ವದ ಮಟ್ಟಿಗೆ ಅದು ಸರಿಯಾದ ಮಾತು. ಆದರೆ ಆಕ್ಷೇಪ ಬಂದ ಕೂಡಲೇ ಸಮಾಧಾನಕ್ಕೆ ಓಡುವುದು ನನಗೆ ಒಪ್ಪಿಗೆಯಿಲ್ಲ. ಆ ಗುಣದ ಬಗ್ಗೆ ವೀರಸೇನರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವರು ನೆಲ ಅಳೆದರು.

ಇನ್ನೂ ದೊಡ್ಡ ವಿಷಯವೆಂದರೆ, ಆಮೇಲೆ ಬಂದ ನೇಮಿಚಂದ್ರರು ಧವಲಾ ಓದಿದವರು. ಷಟ್ಖಂಡಾಗಮದ ಸಾರವನ್ನೇ ಗೊಮ್ಮಟಸಾರದಲ್ಲಿ ಇಳಿಸಿದವರು. ಆದರೂ ಅವರು ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆಯನ್ನೇ ಗಾಥೆಯಾಗಿಸಿದರು. ಪರಂಪರೆ ಈ ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಂಡು ಇನ್ನೊಬ್ಬರನ್ನು ಸುಡಲಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾದ ಓಲೆಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಟ್ಟಲೆ ಪೂಜೆಗೊಂಡವು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿ ಹದಿನಾರು ಸಂಪುಟಗಳಾದವು. ಆಕ್ಷೇಪವನ್ನೂ ಆಕ್ಷೇಪಕ್ಕೆ ಗುರಿಯಾದ ಸಂಖ್ಯೆಯನ್ನೂ ಒಂದೇ ಭಕ್ತಿಯಿಂದ ಕಾಪಾಡಿದ ಸಮಾಜ ನಮ್ಮದು. ಇದರಲ್ಲಿ ನನಗೆ ಹೆಮ್ಮೆಯಿದೆ.

ಈಗ ಆ ಹಿರಿಯಾಕೆಯ ಪ್ರಶ್ನೆಗೆ ಬರುತ್ತೇನೆ. ಸ್ವಾಧ್ಯಾಯವನ್ನು ಶಾಸ್ತ್ರ ಅಂತರಂಗ ತಪಸ್ಸುಗಳಲ್ಲಿ ಒಂದು ಎನ್ನುತ್ತದೆ. ತತ್ತ್ವಾರ್ಥಸೂತ್ರ ಸ್ವಾಧ್ಯಾಯಕ್ಕೆ ಐದು ಅಂಗ ಹೇಳುತ್ತದೆ. ಮೊದಲನೆಯದು ವಾಚನ, ಓದುವುದು. ಎರಡನೆಯದೇ ಪೃಚ್ಛನಾ, ಕೇಳುವುದು. ಮನನ, ಪಾಠ, ಉಪದೇಶಗಳು ಅದರ ನಂತರ ಬರುತ್ತವೆ. ತಪಸ್ಸಿನಿಂದ ಕರ್ಮನಿರ್ಜರೆ ಎಂಬುದು ನಾವೆಲ್ಲ ಒಪ್ಪಿದ ಮಾತು. ಹಾಗಿದ್ದರೆ ಸಂದೇಹ ಎತ್ತಿ, ಅಳೆದು, ತಾಳೆ ನೋಡುವುದೂ ತಪಸ್ಸು. ಉಪವಾಸದಲ್ಲಿ ನಾಲಗೆಯನ್ನು ಬಿಗಿಹಿಡಿದಂತೆ ಇಲ್ಲಿ ಮನಸ್ಸಿನ ಉತ್ಪ್ರೇಕ್ಷೆಯನ್ನು ಬಿಗಿಹಿಡಿಯುತ್ತೇವೆ. ಹೌದು, ಲೆಕ್ಕದಿಂದ ಕರ್ಮ ಕಳೆಯುತ್ತದೆ, ನಿಷ್ಠೆಯಿಂದ ಮಾಡಿದರೆ. ಅವರಿಗೆ ಹೀಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಆ ಹತ್ತೊಂಬತ್ತು ಜನದ ಲೆಕ್ಕ ಇನ್ನೊಂದು ಸಲ ಹೇಳಿ’ ಎಂದರು.

ಇಂದು ಭೂಮಿಯ ಮೇಲಿನ ಜನಸಂಖ್ಯೆ 800 ಕೋಟಿ ದಾಟಿದೆ. ಬಾದಾಲ ಸುಮಾರು 429 ಕೋಟಿ. ಅಂದರೆ ನಾವೆಲ್ಲ ಸೇರಿದರೂ ಐದನೆಯ ವರ್ಗದ ಎರಡು ಪಟ್ಟು ಆಗಿಲ್ಲ, ಮೂವತ್ಮೂರು ಸಲ ಅರ್ಧ ಮಾಡಿದರೆ ಒಂದಕ್ಕಿಂತ ಕೆಳಗೆ ಇಳಿಯುತ್ತೇವೆ. ಶಾಸ್ತ್ರದ ಮನುಷ್ಯರಾಶಿಗೂ ಜನಗಣತಿಗೂ ತಾಳೆಯಿಲ್ಲ. ಅದು ಬೇರೆ ಲೋಕವಿವರದ ಲೆಕ್ಕ ಎನ್ನುವವರಿದ್ದಾರೆ, ಅದು ಆ ಕಾಲದ ಊಹೆ ಎನ್ನುವವರಿದ್ದಾರೆ. ನಾನು ಇಷ್ಟು ಹೇಳುತ್ತೇನೆ: ತಾಳೆಯಿಲ್ಲ ಎಂದು ಇಂದು ನಾವು ಹೇಳಲು ಸಾಧ್ಯವಾಗಿರುವುದೇ ಅವರು ಸಂಖ್ಯೆ ಕೊಟ್ಟಿದ್ದರಿಂದ. ‘ಮನುಷ್ಯರು ಅಗಣಿತ’ ಎಂದು ಬರೆದು ಮುಗಿಸಿದ್ದರೆ ಯಾರೂ ಎಂದೂ ಆಕ್ಷೇಪಿಸುತ್ತಿರಲಿಲ್ಲ. ಯಾರೂ ಎಂದೂ ಪರೀಕ್ಷಿಸುತ್ತಲೂ ಇರಲಿಲ್ಲ. ಅಂಥ ಮಾತಿನಲ್ಲಿ ತಪ್ಪಿಗೆ ಜಾಗವಿಲ್ಲದಂತೆ ಸತ್ಯಕ್ಕೂ ಜಾಗವಿಲ್ಲ. ಖಚಿತ ಸಂಖ್ಯೆ ಹೇಳಿದವನು ತಾನು ಸೋಲಬಹುದಾದ ದಾರಿಯನ್ನೂ ತಾನೇ ತೆರೆದಿಡುತ್ತಾನೆ. ಸತ್ಯವ್ರತ ಎಂದರೆ ನನಗೆ ಇದೇ.

ನಮ್ಮ ಪಾಠಶಾಲೆಗಳಲ್ಲಿ ಈ ಸಂಖ್ಯೆಯನ್ನು ಅದ್ಭುತವೆಂದು ಹೇಳಿ ಕೈಮುಗಿಸುವುದು ಬೇಡ. ಮಕ್ಕಳ ಕೈಗೆ ಪೆನ್ಸಿಲು ಹಾಳೆ ಕೊಟ್ಟು ಅರ್ಧ ಮಾಡಿಸಬೇಕು, ಒಂಬತ್ತರ ತಾಳೆ ಹಾಕಿಸಬೇಕು, ಮೊಳದ ಲೆಕ್ಕ ಮಾಡಿಸಬೇಕು. ಹತ್ತೊಂಬತ್ತು ಎಂಬ ಉತ್ತರ ಬಂದಾಗ ಒಂದು ಮಗುವಾದರೂ ‘ಇದು ಹೇಗೆ ಸಾಧ್ಯ?’ ಎಂದು ಕೇಳುತ್ತದೆ. ಆ ಮಗುವಿಗೆ ವೀರಸೇನಾಚಾರ್ಯರೂ ಇದನ್ನೇ ಕೇಳಿದ್ದರು ಎಂದು ಹೇಳಬೇಕು. ನೇಮಿಚಂದ್ರರ ಗಾಥೆಯನ್ನು ಬಾಯಿಪಾಠ ಮಾಡಿಸುವುದೂ ಅಷ್ಟೇ ಮುಖ್ಯ. ಎರಡನ್ನೂ ಕಲಿತ ಮಗು ತನ್ನ ಧರ್ಮವನ್ನು ಹೆಚ್ಚು ಪ್ರೀತಿಸುತ್ತದೆ, ಅದರ ಹೆಸರಿನಲ್ಲಿ ಸುಳ್ಳು ಹೇಳುವವರನ್ನು ಬೇಗ ಗುರುತಿಸುತ್ತದೆ.